ಥರ್ಮಾಮೀಟರಿಗೆ ಕಾಣದ ಶಾಖ

ಹೋದ ಸಂಚಿಕೆಯಲ್ಲಿ ಮಡಕೆ ನೀರು ಯಾಕೆ ತಣ್ಣಗಿರುತ್ತದೆ ಎಂದು ನಾಲ್ಕು ಸಾಲು ಬರೆದಿದ್ದೆ. ಮಡಕೆಯ ಮೈಯಿಂದ ಜಿನುಗಿದ ನೀರು ಆವಿಯಾಗುತ್ತದೆ, ಹೋಗುವಾಗ ಒಳಗಿನ ನೀರಿನ ಶಾಖವನ್ನೂ ಹೊತ್ತುಕೊಂಡು ಹೋಗುತ್ತದೆ ಎಂದಿದ್ದೆ. ಅಷ್ಟಕ್ಕೇ ಬಂದ ಕಾಗದಗಳನ್ನು ನೋಡಿ ತುಂಬಾ ಖುಷಿಯಾಯಿತು. ಒಬ್ಬರು ತುಪ್ಪದ ಬಗ್ಗೆ ಕೇಳಿದ್ದಾರೆ, ಒಬ್ಬರು ಗ್ಯಾಸ್ ಸಿಲಿಂಡರ್ ಬಗ್ಗೆ, ಒಬ್ಬ ಪುಟಾಣಿ ಕರ್ಪೂರದ ಬಗ್ಗೆ. ಪ್ರಶ್ನೆ ಬೇರೆ ಬೇರೆ, ಬೇರು ಒಂದೇ. ಅದರ ಹೆಸರು ಗುಪ್ತೋಷ್ಣ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟೆ. ಈ ಪಾಠ ಇರುವ ದಿನ ಅರ್ಧ ಗಂಟೆ ಮೊದಲೇ ಶಾಲೆಗೆ ಹೋಗುತ್ತಿದ್ದೆ. ಹಾಗಾಗಿ ಈ ಸಲ ಅಂಕಣವೆಲ್ಲ ಇದಕ್ಕೇ.

ಟೀಚರ್, ನಾನು ಒಂಬತ್ತನೇ ತರಗತಿ. ಲ್ಯಾಬಿನಲ್ಲಿ ಬೀಕರಿಗೆ ಐಸ್ ಹಾಕಿ ಕೆಳಗೆ ದೀಪ ಹಚ್ಚಿಟ್ಟೆವು. ಥರ್ಮಾಮೀಟರ್ ಸೊನ್ನೆಯಲ್ಲೇ ನಿಂತುಬಿಟ್ಟಿತು. ಹಾಳಾಗಿದೆ ಅಂತ ಬೇರೆ ತಂದೆವು. ಅದೂ ಅಲ್ಲೇ ನಿಂತಿತು. ನಾವು ಕೊಟ್ಟ ಶಾಖ ಎಲ್ಲಿಗೆ ಹೋಯಿತು?
*— ವಿದ್ಯಾರ್ಥಿನಿ, ಹೊಸದುರ್ಗ*

ಎರಡು ಥರ್ಮಾಮೀಟರೂ ಸರಿಯಾಗೇ ಇದ್ದವು ಪುಟ್ಟಿ. ಹಾಳಾಗಿದೆ ಎಂದು ನೀವು ಅಂದುಕೊಂಡದ್ದೂ ಸಹಜವೇ. ಬೆಂಕಿ ಇಟ್ಟ ಮೇಲೆ ಬಿಸಿ ಏರಲೇಬೇಕು ಅಂತ ಎಲ್ಲರಿಗೂ ಅನಿಸುತ್ತದೆ. ಸುಮಾರು 1760ರವರೆಗೆ ದೊಡ್ಡ ದೊಡ್ಡ ಪಂಡಿತರೂ ಹಾಗೇ ತಿಳಿದಿದ್ದರು. ಐಸ್ ಸೊನ್ನೆ ಡಿಗ್ರಿಗೆ ಬಂದ ಮೇಲೆ ಇನ್ನೊಂದು ಚೂರು ಶಾಖ ಸಿಕ್ಕರೆ ಸಾಕು, ಅಷ್ಟೂ ನೀರಾಗಿಬಿಡುತ್ತದೆ ಎಂದು ನಂಬಿದ್ದರು.

ಅದನ್ನು ಒಪ್ಪದೇ ಇದ್ದವರು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಜೋಸೆಫ್ ಬ್ಲ್ಯಾಕ್. ಅವರ ಊರಿನಲ್ಲಿ ಚಳಿಗಾಲಕ್ಕೆ ಹಿಮ ಬೀಳುತ್ತದೆ. ಬಿಸಿಲು ಬಂದ ಮೇಲೂ ಗುಡ್ಡದ ಮೇಲೆ ಎಷ್ಟೋ ದಿನ ಹಾಗೇ ಇರುತ್ತದೆ. ಒಂದು ಚೂರು ಶಾಖಕ್ಕೇ ಎಲ್ಲ ಕರಗುವುದಾದರೆ ಪ್ರತಿ ವರ್ಷ ಊರೂರೇ ಕೊಚ್ಚಿಕೊಂಡು ಹೋಗಬೇಕಿತ್ತು, ಅಲ್ವಾ? ಅವರು ಹಾಗೇ ಯೋಚಿಸಿದರು.

ಆಮೇಲೆ ಮಾಡಿದ ಪ್ರಯೋಗ ನೋಡು, ನಿನ್ನ ಪ್ರಯೋಗದ ಅಕ್ಕನ ಹಾಗಿದೆ. ಎರಡು ತೆಳು ಗಾಜಿನ ಬುರುಡೆಗಳಲ್ಲಿ ಒಂದೇ ತೂಕದ ನೀರು ತುಂಬಿದರು. ಒಂದನ್ನು ಪೂರ್ತಿ ಹೆಪ್ಪುಗಟ್ಟಿಸಿದರು. ಇನ್ನೊಂದನ್ನು ಹೆಪ್ಪುಗಟ್ಟದ ಹಾಗೆ, ಆದರೆ ಹೆಚ್ಚುಕಡಿಮೆ ಅಷ್ಟೇ ತಣ್ಣಗೆ ಮಾಡಿದರು. ಫ್ಯಾರನ್‌ಹೀಟ್ ಲೆಕ್ಕದಲ್ಲಿ ಐಸ್ 32 ಡಿಗ್ರಿ, ನೀರು 33 ಡಿಗ್ರಿ. ಎರಡನ್ನೂ 47 ಡಿಗ್ರಿಯ ದೊಡ್ಡ ಹಜಾರದಲ್ಲಿ ತೂಗುಹಾಕಿ ಕಾದರು. ನೀರು ಅರ್ಧ ಗಂಟೆಯಲ್ಲಿ 40 ಡಿಗ್ರಿಗೆ ಬಂತು. ಐಸ್ ಕರಗಿ ಅದೇ 40 ಡಿಗ್ರಿಗೆ ಬರಲು ಹತ್ತೂವರೆ ಗಂಟೆ ಹಿಡಿಯಿತು.

ಬೆಂಕಿ ಇಲ್ಲ, ಯಂತ್ರ ಇಲ್ಲ. ಹಜಾರದ ಗಾಳಿಯ ಬೆಚ್ಚಗೆ ಮಾತ್ರ. ಲೆಕ್ಕವೂ ನಿನ್ನ ಕೈಗೆ ಎಟಕುವಂಥದ್ದೇ. ನೀರಿಗೆ ಅರ್ಧ ಗಂಟೆಯಲ್ಲಿ 7 ಡಿಗ್ರಿಯಷ್ಟು ಶಾಖ ಸಿಕ್ಕಿತು. ಹತ್ತೂವರೆ ಗಂಟೆಯೆಂದರೆ 21 ಅರ್ಧ ಗಂಟೆ. ಏಳು ಇಪ್ಪತ್ತೊಂದಲ 147. ಕರಗಿದ ನೀರು 32ರಿಂದ 40ಕ್ಕೆ ಏರಿದ್ದು 8 ಡಿಗ್ರಿ ಮಾತ್ರ. ಉಳಿದ ಸುಮಾರು 140 ಡಿಗ್ರಿಯಷ್ಟು ಶಾಖ ಐಸಿನೊಳಗೆ ಹೋಗಿದೆ, ಆದರೆ ಥರ್ಮಾಮೀಟರಿಗೆ ಕಂಡಿಲ್ಲ. ಅಡಗಿ ಕೂತ ಶಾಖ, ಅದಕ್ಕೇ ಗುಪ್ತೋಷ್ಣ. ಆ 140 ಫ್ಯಾರನ್‌ಹೀಟ್ ಡಿಗ್ರಿಯ ಏರಿಕೆಯನ್ನು ಸೆಲ್ಸಿಯಸ್ ಡಿಗ್ರಿಯ ಏರಿಕೆಗೆ ತಿರುಗಿಸಿದರೆ 78 ಆಗುತ್ತದೆ. ಒಂದು ಗ್ರಾಂ ನೀರನ್ನು ಒಂದು ಸೆಲ್ಸಿಯಸ್ ಡಿಗ್ರಿ ಏರಿಸುವ ಶಾಖವೇ ಒಂದು ಕ್ಯಾಲರಿ, ಹಾಗಾಗಿ ಗ್ರಾಂಗೆ 78 ಕ್ಯಾಲರಿ ಎಂದಾಯಿತು. ನಿನ್ನ ಪುಸ್ತಕದಲ್ಲಿ ಒಂದು ಗ್ರಾಂ ಐಸ್ ಕರಗಲು 80 ಕ್ಯಾಲರಿ ಎಂದಿದೆ. ಇನ್ನೂರ ಅರವತ್ತು ವರ್ಷದ ಹಿಂದೆ, ಎರಡು ಗಾಜಿನ ಬುರುಡೆಯಿಂದ ಅಷ್ಟು ಹತ್ತಿರಕ್ಕೆ ಬಂದಿದ್ದರು! ಇದನ್ನು ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನು, ಆ ಶಾಖ ಏನು ಮಾಡಿತು? ಬೆಳಗಿನ ಪ್ರಾರ್ಥನೆಗೆ ನೀವೆಲ್ಲ ಸಾಲಾಗಿ ನಿಲ್ಲುತ್ತೀರಲ್ಲ, ಐಸಿನಲ್ಲಿ ನೀರಿನ ಅಣುಗಳು ಹಾಗೆ ಒಂದಕ್ಕೊಂದು ಹಿಡಿದುಕೊಂಡು ಸಾಲಾಗಿ ನಿಂತಿರುತ್ತವೆ. ನಿಂತಲ್ಲೇ ನಡುಗುತ್ತಿರುತ್ತವೆ, ಜಾಗ ಬಿಡುವುದಿಲ್ಲ. ಆ ಹಿಡಿತ ಬಿಡಿಸುವುದಕ್ಕೆ ಶಾಖ ಖರ್ಚಾಗುತ್ತದೆ. ತಾಪ ಎಂದರೆ ಅಣುಗಳ ಓಡಾಟದ ರಭಸ. ಎಲ್ಲ ಶಾಖ ಹಿಡಿತ ಬಿಡಿಸುವ ಕೆಲಸಕ್ಕೇ ಹೋದರೆ ರಭಸ ಏರುವುದು ಹೇಗೆ? ಕೊನೆಯ ಚೂರು ಕರಗುವವರೆಗೂ ಮುಳ್ಳು ಅಲ್ಲಾಡುವುದಿಲ್ಲ. (ನೀವು ಕಲಕುತ್ತಾ ಇದ್ದಿರಿ ಅನಿಸುತ್ತದೆ. ಕಲಕದಿದ್ದರೆ ತಳದ ನೀರು ಬಿಸಿಯಾಗಿ, ಮೇಲೆ ಐಸ್ ಸುಮ್ನೆ ತೇಲುತ್ತಿರುತ್ತದೆ. ಆಗ ಥರ್ಮಾಮೀಟರ್ ನಂಬುವ ಹಾಗಿಲ್ಲ.)

ನಾನು ತರಗತಿಯಲ್ಲಿ ಮಾಡುತ್ತಿದ್ದ ಒಂದು ಪ್ರಯೋಗ ಹೇಳುತ್ತೇನೆ, ನಿಮ್ಮ ಟೀಚರ್ ಹತ್ತಿರ ಕೇಳಿ ಮಾಡಿ. ಐಸ್ ಕ್ಯಾಂಡಿ ಫ್ಯಾಕ್ಟರಿಯಿಂದ ಗೋಣಿಚೀಲದಲ್ಲಿ ಸುತ್ತಿ ಐಸ್ ತರಿಸುತ್ತಿದ್ದೆ. ಅದನ್ನು ಕುಟ್ಟಿ, ಮೇಲಿನ ನೀರನ್ನು ಬಟ್ಟೆಯಲ್ಲಿ ಒತ್ತಿ ತೆಗೆದು, 100 ಗ್ರಾಂ ತೂಗುತ್ತಿದ್ದೆ. ಇನ್ನೊಂದು ಲೋಟದಲ್ಲಿ 80 ಡಿಗ್ರಿ ಬಿಸಿಯ 100 ಗ್ರಾಂ ನೀರು. ಎರಡನ್ನೂ ಸೇರಿಸಿದರೆ ಎಷ್ಟು ಡಿಗ್ರಿ ಆಗುತ್ತದೆ ಎಂದು ಕೇಳುತ್ತಿದ್ದೆ. ಇಡೀ ತರಗತಿ "ನಲವತ್ತು" ಎಂದು ಕೂಗುತ್ತಿತ್ತು. ಸುರಿದು, ಕಲಕಿ, ಮುಂದಿನ ಬೆಂಚಿನ ಒಬ್ಬರನ್ನು ಕರೆದು ಓದಲು ಹೇಳುತ್ತಿದ್ದೆ. ಸೊನ್ನೆ, ಇಲ್ಲವೇ ಸೊನ್ನೆಯ ಪಕ್ಕದಲ್ಲಿ. ಕೆಲವು ಸಲ ಒಂದೆರಡು ಚೂರು ಐಸ್ ಇನ್ನೂ ತೇಲುತ್ತಿತ್ತು. ಕೈ ಇಟ್ಟರೆ ಸುಡುತ್ತಿದ್ದ ನೀರಿನ ಬಿಸಿಯೆಲ್ಲ ಬರೀ ಕರಗಿಸುವುದಕ್ಕೇ ಮುಗಿದುಹೋಗಿರುತ್ತಿತ್ತು. ಆಮೇಲೆ ತರಗತಿಯಲ್ಲಿ ಒಂದು ನಿಮಿಷ ಸದ್ದೇ ಇರುತ್ತಿರಲಿಲ್ಲ.

ಬೆಣ್ಣೆ ಕಾಯಿಸುವಾಗ ಇಷ್ಟು ಹೊತ್ತು ಏನೂ ಆಗಿರುವುದಿಲ್ಲ, ಆ ಕಡೆ ತಿರುಗಿ ಈ ಕಡೆ ನೋಡುವಷ್ಟರಲ್ಲಿ ತುಪ್ಪ ಸೀದಿರುತ್ತದೆ. ನಮ್ಮಮ್ಮ ಒಂದು ದಿನವೂ ಸೀಯಿಸಿದವರಲ್ಲ. ಅವರಿಗೆ ಹೇಗೆ ಗೊತ್ತಾಗುತ್ತಿತ್ತು?
*— ಗೃಹಿಣಿ, ಸಾಗರ*

ಅವರು ಕಿವಿಯಿಂದ ತಿಳಿಯುತ್ತಿದ್ದರು ಅಂತ ನನ್ನ ನಂಬಿಕೆ. ನಮ್ಮಮ್ಮನೂ ಹಾಗೇ ಮಾಡುತ್ತಿದ್ದರು. ಅಡುಗೆಮನೆಯಲ್ಲಿ ತುಪ್ಪ ಕಾಯುತ್ತಿದ್ದರೆ, ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದವರು ಒಮ್ಮೆಗೇ ಕೈ ಒರೆಸಿಕೊಂಡು ಒಳಗೆ ಬರುತ್ತಿದ್ದರು. ಸದ್ದು ನಿಂತಿತು ಅನ್ನುತ್ತಿದ್ದರು.

ಬೆಣ್ಣೆ ಎಂದರೆ ಬರೀ ಜಿಡ್ಡಲ್ಲ. ಅಂಗಡಿ ಬೆಣ್ಣೆಯಲ್ಲೂ ನೂರಕ್ಕೆ ಹದಿನಾರು ಪಾಲಿನಷ್ಟು ನೀರಿರುತ್ತದೆ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಇನ್ನೂ ಜಾಸ್ತಿ. ಒಲೆ ಮೇಲಿಟ್ಟಾಗ ಮೊದಲು ಕರಗುತ್ತದೆ. ಆಮೇಲೆ ದಪ್ಪ ದಪ್ಪ ಗುಳ್ಳೆ ಎದ್ದು ಚಟಪಟ ಶುರುವಾಗುತ್ತದೆ. ಅದು ತುಪ್ಪ ಕುದಿಯುವ ಸದ್ದಲ್ಲ, ಒಳಗಿನ ನೀರು ಆವಿಯಾಗಿ ಹೊರಗೆ ಬರುವ ಸದ್ದು. ಒಂದು ಗ್ರಾಂ ಕುದಿನೀರು ಆವಿಯಾಗಲು 540 ಕ್ಯಾಲರಿ ಬೇಕು. ಐಸ್ ಕರಗಿಸುವುದಕ್ಕಿಂತ ಆರೇಳು ಪಟ್ಟು. ಹಾಗಾಗಿ ನಿಮ್ಮ ಒಲೆ ಎಷ್ಟು ಶಾಖ ಕೊಟ್ಟರೂ ಆ ನೀರು ನುಂಗಿಕೊಳ್ಳುತ್ತಿರುತ್ತದೆ. ಪಾತ್ರೆಯ ತಾಪ ನೂರರ ಆಸುಪಾಸಿನಲ್ಲೇ ಇರುತ್ತದೆ. ಆ ಹೊತ್ತಿನಲ್ಲಿ ತುಪ್ಪ ಸೀಯುವುದಿಲ್ಲ. ನೀರು ಕಾವಲು ಕಾಯುತ್ತಿರುತ್ತದೆ.

ನೀರು ಮುಗಿಯಿತು ಅನ್ನಿ. ಗುಳ್ಳೆ ಸಣ್ಣದಾಗುತ್ತದೆ, ಮೇಲೆ ತೆಳ್ಳನೆಯ ನೊರೆ ನಿಲ್ಲುತ್ತದೆ, ಚಟಪಟ ನಿಂತು ಪಾತ್ರೆ ಮೌನವಾಗುತ್ತದೆ. ಈಗ ಒಲೆಯ ಶಾಖಕ್ಕೆ ಬೇರೆ ಕೆಲಸ ಇಲ್ಲ. ಎಲ್ಲ ತಾಪ ಏರಿಸುವುದಕ್ಕೇ ಹೋಗುತ್ತದೆ. ಅದರ ಮೇಲೆ ತುಪ್ಪ ನೀರಿಗಿಂತ ಬೇಗ ಕಾಯುವ ಪದಾರ್ಥ. ಒಂದು ಚಮಚ ನೀರು ಆವಿಯಾಗಲು ಬೇಕಾದ ಶಾಖ ಸಿಕ್ಕರೆ ಹತ್ತು ಚಮಚ ತುಪ್ಪ ನೂರು ಡಿಗ್ರಿಗಿಂತ ಜಾಸ್ತಿ ಮೇಲೇರುತ್ತದೆ. ತಳದಲ್ಲಿ ಕೂತ ಗಸಿ ಕೆಂಪಗಾಗಿ, ಕ್ಷಣದಲ್ಲಿ ಕಪ್ಪಾಗುತ್ತದೆ. ನೀವು ಆ ಕಡೆ ತಿರುಗಿದ್ದು ಇದೇ ಹೊತ್ತಿನಲ್ಲಿ.

ಅದಕ್ಕೇ ಸದ್ದು ಇಳಿಯುತ್ತಿದ್ದಂತೆ ಉರಿ ಪೂರ್ತಿ ಸಣ್ಣ ಮಾಡಿ, ಒಲೆ ಬಿಟ್ಟು ಕದಲಬೇಡಿ. ವೀಳ್ಯದೆಲೆ ಹಾಕುವ ಪದ್ಧತಿ ನಿಮ್ಮಲ್ಲೂ ಇರಬೇಕು. ಎಲೆ ಒಳ್ಳೆಯ ಥರ್ಮಾಮೀಟರ್. ನೀರಿರುವಾಗ ಹಾಕಿದರೆ ಬಾಡಿ ಮೆತ್ತಗಾಗುತ್ತದೆ, ಅಷ್ಟೇ. ನೀರು ಮುಗಿದು ತುಪ್ಪ ನೂರು ದಾಟಿದ ಮೇಲೆ ಹಾಕಿದರೆ ಎಲೆಯೊಳಗಿನ ನೀರೇ ಸಿಡಿದು ಎಲೆ ಗರಿಗರಿಯಾಗುತ್ತದೆ. ಗರಿಗರಿಯಾದರೆ ಒಲೆ ಆರಿಸಿ. ಪಾತ್ರೆಯಲ್ಲಿ ಉಳಿದ ಬಿಸಿಯೇ ಸಾಕು.

ಸಕ್ಕರೆ ಪಾಕದಲ್ಲೂ ಇದೇ ಕಥೆ, ಸ್ವಲ್ಪ ನಿಧಾನ. ನೀರು ಕಡಿಮೆಯಾದ ಹಾಗೆ ಪಾಕ ಕುದಿಯುವ ತಾಪ ಮೇಲೇರುತ್ತಾ ಹೋಗುತ್ತದೆ. ಬೆರಳಿನಲ್ಲಿ ಒಂದೆಳೆ, ಎರಡೆಳೆ ನೋಡುವುದೆಂದರೆ ಆ ತಾಪ ಅಳೆದ ಹಾಗೇ. ಮಂಡ್ಯದ ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತವರು ಸುಮಾರು 118 ಡಿಗ್ರಿಯ ಹದವನ್ನು ತಣ್ಣೀರಿಗೆ ಒಂದು ತೊಟ್ಟು ಬಿಟ್ಟು, ಉಂಡೆ ಕಟ್ಟಿ ನೋಡಿ ಹೇಳುತ್ತಾರೆ.

ಬೇಳೆ ಕುದಿ ಬಂದ ಮೇಲೂ ನಾನು ಜೋರು ಉರಿ ಇಡುತ್ತೇನೆ, ಬೇಗ ಬೇಯಲಿ ಅಂತ. ನಮ್ಮತ್ತೆ ಬಂದು ಸಣ್ಣ ಮಾಡುತ್ತಾರೆ. ಯಾರು ಸರಿ?
*— ಬೆಂಗಳೂರು*

ನಿಮ್ಮತ್ತೆ ಸರಿ. ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಯಲ್ಲಿ ಕುದಿಯುತ್ತದೆ, ಊರು ಎತ್ತರದಲ್ಲಿದೆಯಲ್ಲ. ಸಣ್ಣ ಉರಿಯಲ್ಲಿ ಕುದಿದರೂ 97, ಉಕ್ಕಿ ಚೆಲ್ಲುವ ಹಾಗೆ ಕುದಿದರೂ 97. ಬೇಳೆಗೆ ಎರಡೂ ಒಂದೇ. ಜೋರು ಉರಿಯ ಶಾಖ ನೀರನ್ನು ಆವಿ ಮಾಡುವುದಕ್ಕೆ ಹೋಗುತ್ತದೆ. ಒಂದು ಲೀಟರ್ ನೀರು ಸುಮ್ನೆ ಆವಿಯಾಗಿ ಹೋದರೆ 70 ಗ್ರಾಂಗಿಂತ ಜಾಸ್ತಿ ಗ್ಯಾಸ್ ಹೋಯಿತು ಅಂತ ಲೆಕ್ಕ. ನಿಜವಾಗಿ ಬೇಗ ಬೇಯಬೇಕಾದರೆ ಕುಕ್ಕರ್ ಇಡಿ. ಒತ್ತಡ ಏರಿದರೆ ಕುದಿಯುವ ತಾಪವೇ 120ರ ಹತ್ತಿರ ಹೋಗುತ್ತದೆ. ಅಲ್ಲೂ ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ.

ಮದುವೆ ಅಡುಗೆ ಮಾಡುವವನು ನಾನು. ದೊಡ್ಡ ಒಲೆಗೆ ಹಚ್ಚಿದ ಸಿಲಿಂಡರ್ ಮಧ್ಯಾಹ್ನದ ಸೆಕೆಯಲ್ಲೂ ಬೆವರುತ್ತದೆ, ಚಳಿಗಾಲದ ಬೆಳಗಿನ ಜಾವ ಬಿಳಿ ಹಿಮವೇ ಕೂರುತ್ತದೆ. ಉರಿ ಇಳಿದುಹೋಗುತ್ತದೆ. ಹುಡುಗರು ಬಿಸಿನೀರು ಸುರಿಯುತ್ತಾರೆ. ಇದು ಸರಿಯಾ?
*— ಅಡುಗೆಯವರು, ಶಿರಸಿ*

ಬಿಸಿನೀರು ಬೇಡ ಭಟ್ರೇ, ಹುಡುಗರಿಗೆ ದಯವಿಟ್ಟು ಹೇಳಿ. ಒಳಗಿನ ಒತ್ತಡ ಏರುತ್ತದೆ, ಅದು ಅಪಾಯ.

ಸಿಲಿಂಡರಿನೊಳಗೆ ಇರುವುದು ಹೆಚ್ಚಿನ ಪಾಲು ದ್ರವ. ಒಲೆಗೆ ಬರುವುದು ಅದರ ಮೇಲೆ ನಿಂತ ಆವಿ. ನೀವು ಉರಿಸಿದಷ್ಟೂ ದ್ರವ ಆವಿಯಾಗಬೇಕು. ಒಂದು ಕೆಜಿ ಗ್ಯಾಸ್ ಆವಿಯಾಗಲು ಸುಮಾರು 90 ಕಿಲೋಕ್ಯಾಲರಿ ಶಾಖ ಬೇಕು. ಅದನ್ನು ಯಾರು ಕೊಡುತ್ತಾರೆ? ಉಳಿದ ದ್ರವ, ಸಿಲಿಂಡರಿನ ಕಬ್ಬಿಣ, ಸುತ್ತಲಿನ ಗಾಳಿ. ಮನೆಯ ಒಲೆಗೆ ನಿಧಾನವಾಗಿ ಗ್ಯಾಸ್ ಹೋಗುತ್ತದೆ, ಗಾಳಿ ಕೊಡುವ ಶಾಖ ಸಾಕಾಗುತ್ತದೆ. ನಿಮ್ಮ ಒಲೆ ಒಂದೇ ಸಮನೆ ಎಳೆಯುತ್ತದೆ. ಗಾಳಿ ಕೊಡುವುದಕ್ಕಿಂತ ಜಾಸ್ತಿ ಶಾಖ ಹೋಗುತ್ತದೆ, ಸಿಲಿಂಡರ್ ತಣ್ಣಗಾಗುತ್ತದೆ. ಗಾಳಿಯಲ್ಲಿದ್ದ ನೀರಿನ ಆವಿ ಅದರ ಮೈಮೇಲೆ ಹನಿಯಾಗುತ್ತದೆ, ಇನ್ನೂ ತಣ್ಣಗಾದರೆ ಹಿಮವಾಗುತ್ತದೆ. ಒಳಗೆ ತಣ್ಣಗಾದ ದ್ರವ ಸರಿಯಾಗಿ ಆವಿಯಾಗುವುದಿಲ್ಲ. ಹಾಗಾಗಿ ಉರಿ ಇಳಿಯುತ್ತದೆ. ಗ್ಯಾಸ್ ಮುಗಿದಿರುವುದಿಲ್ಲ.

ದಾರಿ ಏನೆಂದರೆ, ಗೊತ್ತಿರುವವರಿಂದ ಎರಡು ಮೂರು ಸಿಲಿಂಡರ್ ಒಟ್ಟಿಗೆ ಜೋಡಿಸಿಕೊಳ್ಳಿ. ಒಂದೊಂದರ ಮೇಲೂ ಎಳೆತ ಕಡಿಮೆಯಾಗುತ್ತದೆ. ಗಾಳಿ ಆಡುವ ಜಾಗದಲ್ಲಿ, ಒಲೆಯಿಂದ ದೂರ, ನೆಟ್ಟಗೆ ನಿಲ್ಲಿಸಿ. ಕೊನೆಗೆ ಬಂದಾಗ ಅಡ್ಡ ಮಲಗಿಸುವುದು ತುಂಬಾ ಕಡೆ ನೋಡಿದ್ದೇನೆ. ಅದನ್ನು ಮಾಡಲೇಬಾರದು. ಆವಿಯ ಬದಲು ದ್ರವವೇ ಕೊಳವೆಗೆ ನುಗ್ಗುತ್ತದೆ.

ಒಳಗೆ ಎಷ್ಟಿದೆ ಎಂದು ನೋಡಬೇಕಾ? ಒದ್ದೆ ಬಟ್ಟೆಯಿಂದ ಸಿಲಿಂಡರನ್ನು ಮೇಲಿಂದ ಕೆಳಕ್ಕೆ ಒರೆಸಿ. ಖಾಲಿ ಇರುವ ಭಾಗ ಬೇಗ ಒಣಗುತ್ತದೆ. ದ್ರವ ಇರುವ ಭಾಗ ತಡವಾಗಿ ಒಣಗುತ್ತದೆ. ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ.

ಕುದಿಯುವ ನೀರು ಬಿದ್ದಿದ್ದಕ್ಕಿಂತ ಆವಿ ತಗುಲಿದ್ದು ಜಾಸ್ತಿ ಸುಡುತ್ತದೆ ಅನ್ನುತ್ತಾರೆ. ಎರಡೂ ನೂರು ಡಿಗ್ರಿ ತಾನೇ?
*— ಕಾಲೇಜು ವಿದ್ಯಾರ್ಥಿ, ಗದಗ*

ತಾಪ ಒಂದೇ, ಒಳಗಿನ ಗಂಟು ಬೇರೆ. ಒಂದು ಗ್ರಾಂ ಕುದಿನೀರು ನಮ್ಮ ಮೈ ಬಿಸಿಯಾದ 37 ಡಿಗ್ರಿಗೆ ಇಳಿಯುವಾಗ 63 ಕ್ಯಾಲರಿ ಬಿಟ್ಟುಕೊಡುತ್ತದೆ. ಒಂದು ಗ್ರಾಂ ಆವಿ ಚರ್ಮದ ಮೇಲೆ ನೀರಾಗುವಾಗಲೇ 540 ಬಿಡುತ್ತದೆ, ಆಮೇಲೆ 63 ಬೇರೆ. ಒಟ್ಟು 603. ಒಂಬತ್ತೂವರೆ ಪಟ್ಟು. ಇಡ್ಲಿ ಪಾತ್ರೆಯ ಮುಚ್ಚಳವನ್ನು ನನ್ನ ಕಡೆಗೇ ಎತ್ತಿ ಮಣಿಕಟ್ಟು ಸುಟ್ಟುಕೊಂಡಿದ್ದೇನೆ. ಇಪ್ಪತ್ತು ವರ್ಷವಾದರೂ ಗುರುತು ಇದೆ. ಮುಚ್ಚಳವನ್ನು ಆಚೆ ಕಡೆಗೆ ಓರೆ ಮಾಡಿ ತೆಗೆಯಿರಿ. ಸುಟ್ಟರೆ ಇಪ್ಪತ್ತು ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಿರಿ. ಐಸ್ ಬೇಡ, ಪೇಸ್ಟ್ ಬೇಡ.

ಅದೇ 540 ಇಡ್ಲಿಯನ್ನು ಬೇಯಿಸುವುದು. ತಣ್ಣಗಿನ ಹಿಟ್ಟಿನ ಮೇಲೆ ಆವಿ ನೀರಾಗುತ್ತಾ ತನ್ನ ಶಾಖವನ್ನೆಲ್ಲ ಅಲ್ಲಿ ಇಳಿಸುತ್ತದೆ. ಜೋಸೆಫ್ ಬ್ಲ್ಯಾಕ್ ಇದ್ದ ಅದೇ ವಿಶ್ವವಿದ್ಯಾಲಯದಲ್ಲಿ ಉಪಕರಣ ರಿಪೇರಿ ಮಾಡುತ್ತಿದ್ದ ಜೇಮ್ಸ್ ವ್ಯಾಟ್‌ಗೂ ಇದು ಆಶ್ಚರ್ಯವಾಗಿತ್ತು. ಒಂದು ಪಾಲು ತೂಕದ ಆವಿ ಆರು ಪಾಲು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುತ್ತಿತ್ತು. ಯಾಕೆ ಎಂದು ಹೋಗಿ ಕೇಳಿದಾಗ ಬ್ಲ್ಯಾಕ್ ಗುಪ್ತೋಷ್ಣದ ವಿಷಯ ಹೇಳಿದರು.

ಕಲಬುರಗಿಯಲ್ಲಿ ಚೆನ್ನಾಗಿದ್ದ ಏರ್ ಕೂಲರ್ ಮಂಗಳೂರಿಗೆ ವರ್ಗವಾದ ಮೇಲೆ ಕೆಲಸವೇ ಮಾಡುತ್ತಿಲ್ಲ. ರಿಪೇರಿಯವರು ಏನೂ ಹಾಳಾಗಿಲ್ಲ ಅನ್ನುತ್ತಾರೆ.
*— ಬ್ಯಾಂಕ್ ನೌಕರರು, ಮಂಗಳೂರು*

ಅವರು ನಿಜವನ್ನೇ ಹೇಳಿದ್ದಾರೆ. ಕೂಲರ್ ಎಂದರೆ ಫ್ಯಾನ್ ಇರುವ ಮಡಕೆ. ನೀರು ಆವಿಯಾದರೆ ಮಾತ್ರ ಗಾಳಿ ತಣ್ಣಗಾಗುತ್ತದೆ. ಕಲಬುರಗಿಯ ಒಣ ಗಾಳಿ ಎಷ್ಟು ಕೊಟ್ಟರೂ ನೀರು ಕುಡಿಯುತ್ತದೆ. ಕಡಲತೀರದ ಗಾಳಿಯ ಹೊಟ್ಟೆ ಮೊದಲೇ ತುಂಬಿದೆ. ನಿಮ್ಮ ಬೆವರು ಆರದಿರುವುದೂ ಅದಕ್ಕೇ. ಕೂಲರನ್ನು ಕಲಬುರಗಿಯ ಸ್ನೇಹಿತರಿಗೆ ಕೊಟ್ಟುಬಿಡಿ. ಅವರಿಗೆ ಒಂದು ಮಾತು ಹೇಳಿ, ಕಿಟಕಿ ತೆರೆದಿಟ್ಟು ಹಾಕಬೇಕು.

ಚೆನ್ನೈನಲ್ಲಿ ನಲವತ್ತು ವರ್ಷದಿಂದ ಇರುವ ಕನ್ನಡಿಗ ನಾನು. ಮರೀನಾ ಹತ್ತಿರದ ಐಸ್ ಹೌಸ್‌ನಲ್ಲಿ ಅಮೆರಿಕದಿಂದ ತಂದ ಐಸ್ ಇಡುತ್ತಿದ್ದರು ಅನ್ನುತ್ತಾರೆ. ಫ್ರಿಜ್ ಇಲ್ಲದ ಕಾಲದಲ್ಲಿ ಅಷ್ಟು ದೂರ ಹೇಗೆ ಉಳಿಯಿತು?
*— ನಿವೃತ್ತ ಎಂಜಿನಿಯರ್, ತಿರುವಲ್ಲಿಕ್ಕೇಣಿ*

ನಿಜ ಸರ್. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಮ್ಯಾಸಚೂಸೆಟ್ಸ್‌ನ ಕೆರೆಗಳಲ್ಲಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಐಸನ್ನು ಕೊಯ್ದು ಮಾರುತ್ತಿದ್ದರು. 1833ರಲ್ಲಿ ಅವರು 'ಟಸ್ಕನಿ' ಎಂಬ ಹಡಗಿನಲ್ಲಿ ಸುಮಾರು 180 ಟನ್ ಐಸ್ ತುಂಬಿ ಕಲ್ಕತ್ತೆಗೆ ಕಳಿಸಿದರು. ಹಡಗು ಆಫ್ರಿಕಾ ಸುತ್ತಿಕೊಂಡು, ಭೂಮಧ್ಯ ರೇಖೆಯನ್ನು ಎರಡು ಸಲ ದಾಟಿ, ನಾಲ್ಕು ತಿಂಗಳ ಮೇಲೆ ಬಂತು. ಸುಮಾರು 100 ಟನ್ ಐಸ್ ಐಸಾಗೇ ಉಳಿದಿತ್ತು! ಮದ್ರಾಸಿನ ನಿಮ್ಮ ಐಸ್ ಹೌಸ್ ಕಟ್ಟಿದ್ದು 1842ರಲ್ಲಿ.

ಮರದ ಹೊಟ್ಟು, ಒಣಹುಲ್ಲು ಸುತ್ತಿದ್ದರಿಂದ ಉಳಿಯಿತು ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಉತ್ತರ. ಹೊಟ್ಟು ಶಾಖ ಒಳಗೆ ಬರುವುದನ್ನು ನಿಧಾನ ಮಾಡುತ್ತದೆ, ತಡೆಯುವುದಿಲ್ಲ. ಬಂದ ಶಾಖವನ್ನು ತಡೆದುಕೊಂಡದ್ದು ಗುಪ್ತೋಷ್ಣ. ಒಂದು ಕೆಜಿ ಐಸ್ ಕರಗಬೇಕಾದರೆ, ಒಂದು ಕೆಜಿ ನೀರನ್ನು 20 ಡಿಗ್ರಿಯಿಂದ 100ಕ್ಕೆ ಕಾಯಿಸುವಷ್ಟು ಶಾಖ ಬರಬೇಕು. ಹೊಟ್ಟಿನ ಸಂದಿಯಲ್ಲಿ ನುಸುಳಿ ಬರುವ ಶಾಖಕ್ಕೆ ಅಷ್ಟು ಕೂಡಿಬರಲು ದಿನಗಟ್ಟಲೆ ಬೇಕು.

ಇನ್ನೊಂದು ಜಾಣತನ ಜೋಡಿಸುವುದರಲ್ಲಿತ್ತು. ಒಂದು ಮೀಟರ್ ಉದ್ದ, ಅಗಲ, ಎತ್ತರದ ಐಸ್ ಗಡ್ಡೆಯ ಹೊರಮೈ 6 ಚದರ ಮೀಟರ್. ಅದನ್ನೇ ಹತ್ತು ಸೆಂಟಿಮೀಟರ್ ತುಂಡುಗಳಾಗಿ ಮಾಡಿ ಹರಡಿದರೆ ಹೊರಮೈ 60 ಚದರ ಮೀಟರ್. ಶಾಖ ಒಳಗೆ ಬರುವುದು ಹೊರಮೈಯಿಂದ ತಾನೇ? ಚೌಕವಾಗಿ ಕೊಯ್ದು, ಸಂದಿ ಇಲ್ಲದ ಹಾಗೆ ಒತ್ತೊತ್ತಾಗಿ ಜೋಡಿಸಿದರೆ ಇಡೀ ರಾಶಿ ಒಂದೇ ಗಡ್ಡೆಯ ಹಾಗೆ ಆಗುತ್ತದೆ. ಮೀನು ಮಾರುವವರು ದೊಡ್ಡ ಗಡ್ಡೆಯನ್ನು ಹಾಗೇ ಇಟ್ಟುಕೊಂಡು ಬೇಕಾದಷ್ಟೇ ಕುಟ್ಟುವುದೂ ಇದಕ್ಕೇ.

ಐಸ್ ಮಾಡುವ ಯಂತ್ರಗಳು ಬಂದ ಮೇಲೆ ಆ ವ್ಯಾಪಾರ ನಿಂತುಹೋಯಿತು. ಕಟ್ಟಡ ಬೇರೆಯವರ ಕೈಗೆ ಬಂದು ಮನೆಯಾಯಿತು. 1897ರ ಫೆಬ್ರವರಿಯಲ್ಲಿ ಸ್ವಾಮಿ ವಿವೇಕಾನಂದರು ಉಳಿದುಕೊಂಡಿದ್ದು ಅಲ್ಲೇ.

ಅಜ್ಜಿ, ದೇವರ ಮನೆಯ ಡಬ್ಬಿಯಲ್ಲಿ ಹತ್ತು ಕರ್ಪೂರ ಎಣಿಸಿ ಇಟ್ಟಿದ್ದೆ. ಎಲ್ಲ ಚಿಕ್ಕದಾಗಿವೆ. ನೀರೂ ಆಗಿಲ್ಲ. ಯಾರು ತಿಂದರು?
*— ಮೂರನೇ ತರಗತಿ, ತಿಪಟೂರು*

ಯಾರೂ ತಿಂದಿಲ್ಲ ಕಂದ. ಕರ್ಪೂರ ನೀರಾಗದೆ ನೇರ ಆವಿಯಾಗುತ್ತದೆ. ಡಬ್ಬಿ ತೆರೆದಾಗ ಘಮ್ಮೆಂದು ವಾಸನೆ ಬರುತ್ತದಲ್ಲ, ಅದೇ ನಿನ್ನ ಕರ್ಪೂರ, ಗಾಳಿಯಲ್ಲಿ ಹೋಗುತ್ತಿದೆ. ದೊಡ್ಡ ತರಗತಿಯಲ್ಲಿ ಇದನ್ನು ಉತ್ಪತನ ಅನ್ನುತ್ತಾರೆ. ಇದಕ್ಕೂ ಶಾಖ ಬೇಕು, ಅದು ಕೋಣೆಯ ಬೆಚ್ಚಗಿನ ಗಾಳಿಯಿಂದಲೇ ಸಿಗುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಬೇಗ ಸಣ್ಣದಾಗುತ್ತದೆ.

ಈಗ ಒಂದು ಕೆಲಸ ಮಾಡು. ಬಿಗಿಯಾಗಿ ಮುಚ್ಚುವ ಸಣ್ಣ ಗಾಜಿನ ಬಾಟಲಿಯಲ್ಲಿ ಎರಡು ಕರ್ಪೂರ ಹಾಕಿ, ತಣ್ಣಗಿರುವ ಮೂಲೆಯಲ್ಲಿ ಹದಿನೈದು ದಿನ ಇಡು. ಆಮೇಲೆ ಮುಚ್ಚಳದ ಒಳಗೆ, ಗಾಜಿನ ಗೋಡೆಯ ಮೇಲೆ ನೋಡು. ಅಲ್ಲಿ ಬಿಳಿ ಸಣ್ಣ ಹರಳು ಅಂಟಿಕೊಂಡಿದ್ದರೆ ನನಗೆ ಬರೆದು ತಿಳಿಸು.